ಮೋರಿಯಾದ ಹಳ್ಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಊರೊಳಗಿನ ಹಳ್ಳ, ನಾಲೆ, ಕೆರೆಗಳನ್ನು ಬಡಾವಣೆಯವರೇ ಸೇರಿ ಉಳಿಸಿಕೊಳ್ಳುವ ಬಗ್ಗೆ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದಿಂದ ಬಂದ ಪ್ರಶ್ನೆಗಳು ಈ ಸಲದ ಅಂಕಣದಲ್ಲಿವೆ. ಮೊದಲೇ ಒಂದು ಮಾತು. ಮೈಸೂರು ನಗರ ಕೂತಿರುವುದು ದಿಬ್ಬದ ಬೆನ್ನಿನ ಮೇಲೆ. ಉತ್ತರಕ್ಕೆ ಇಳಿದ ನೀರು ಕಾವೇರಿಗೆ, ದಕ್ಷಿಣಕ್ಕೆ ಇಳಿದದ್ದು ದಳವಾಯಿ ಕೆರೆಯ ಕಡೆಯಿಂದ ಕಬಿನಿಗೆ. ನಗರದ ನಡುವೆ ಹೊಳೆ ಇಲ್ಲ ನಿಜ, ಆದರೆ ನಿಮ್ಮ ಮನೆ ಹಿಂದಿನ ಮೋರಿ ಈ ಎರಡರಲ್ಲಿ ಒಂದು ಹೊಳೆಯ ತುದಿಯೇ.

ಪ್ರಶ್ನೆ: ನಮ್ಮ ಬಡಾವಣೆ ಪಕ್ಕದ ನಾಲೆಯಲ್ಲಿ ವರ್ಷದಲ್ಲಿ ನಾಲ್ಕು ಸಲ ಶ್ರಮದಾನ ಮಾಡಿದೆವು. ಟ್ರ್ಯಾಕ್ಟರ್‌ಗಟ್ಟಲೆ ಕಸ ತೆಗೆದೆವು. ಹದಿನೈದು ದಿನಕ್ಕೆ ಅದೇ ನಾತ. ಎಲ್ಲಿ ತಪ್ಪುತ್ತಿದ್ದೇವೆ? (ಮೈಸೂರು)

ಕಸ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದರಿಂದ ಶುರು ಮಾಡುತ್ತಾರೆ. ನಾತ ಬರುವುದು ಕಸದಿಂದಲ್ಲ, ಕೊಳಚೆಯಿಂದ. ಬೇಸಿಗೆಯಲ್ಲಿ, ಮಳೆ ಬಿದ್ದು ವಾರ ಕಳೆದ ಮೇಲೂ ನಾಲೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಬಹುಪಾಲು ಮನೆಗಳ ನೀರು. ಅದು ಎಲ್ಲೆಲ್ಲಿ ಒಳಗೆ ಬೀಳುತ್ತದೆ ಎಂದು ಪತ್ತೆ ಹಚ್ಚದೆ ಐದನೇ ಶ್ರಮದಾನಕ್ಕೆ ಇಳಿಯಬೇಡಿ.

ಒಂದು ಬೆಳಿಗ್ಗೆ ಏಳು ಗಂಟೆಗೆ, ಮನೆಗಳಲ್ಲಿ ನೀರು ಹೆಚ್ಚು ಬಳಕೆಯಾಗುವ ಹೊತ್ತಿಗೆ, ನಾಲೆಯ ಕೆಳತುದಿಯಿಂದ ಮೇಲಕ್ಕೆ ನಡೆಯಿರಿ. ಇಬ್ಬರು ಬಲದಂಡೆ, ಇಬ್ಬರು ಎಡದಂಡೆ. ಪ್ರತಿ ಕೊಳವೆ ಬಾಯಿಗೂ ಸಂಖ್ಯೆ ಕೊಟ್ಟು, ಫೋಟೊ ತೆಗೆದು, ನಕ್ಷೆಯಲ್ಲಿ ಗುರುತು ಹಾಕಿ. ಒಣಗಿರುವ ಬಾಯಿ ಮಳೆನೀರಿನದ್ದು, ಬಿಟ್ಟುಬಿಡಿ. ನೀರು ಬೀಳುತ್ತಿದ್ದರೆ ಬಾಯಿಯ ಕೆಳಗಿನ ಕಲ್ಲು ನೋಡಿ. ನೆನೆದ ಹತ್ತಿಯ ಎಳೆಯಂಥ ಬೂದು ನೂಲು ಕಲ್ಲಿಗಂಟಿ ಓಲಾಡುತ್ತಿದ್ದರೆ ಅಲ್ಲಿ ದಿನವೂ ಕೊಳಚೆ ಬೀಳುತ್ತಿದೆ. ಅದು ಪಾಚಿಯಲ್ಲ, ಕೊಳಚೆಯನ್ನೇ ತಿಂದು ಬೆಳೆಯುವ ಬ್ಯಾಕ್ಟೀರಿಯಾದ ಗೊಂಚಲು. ಬರೀ ಸೋಪಿನ ನೊರೆ ಇದ್ದು ಈ ನೂಲು ಇಲ್ಲದಿದ್ದರೆ ಬಹುಶಃ ಬಟ್ಟೆ ಒಗೆಯುವ ಕಲ್ಲಿನ ಅಥವಾ ಪಾತ್ರೆ ತೊಳೆಯುವ ನೀರು.

ಆಮೇಲೆ ಲೆಕ್ಕ. ನಾಲೆ ನೇರವಾಗಿರುವ ಕಡೆ 10 ಮೀಟರ್ ಅಳೆದು ಎರಡು ಹಗ್ಗ ಕಟ್ಟಿ. ಒಂದು ನಿಂಬೆಹಣ್ಣು ಬಿಟ್ಟು ಎಷ್ಟು ಸೆಕೆಂಡಿಗೆ ದಾಟುತ್ತದೆ ನೋಡಿ, ಐದು ಸಲದ ಸರಾಸರಿ ತೆಗೆಯಿರಿ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಿ. ನೀರಿನ ಅಗಲ 80 ಸೆಂ.ಮೀ., ಸರಾಸರಿ ಆಳ 10 ಸೆಂ.ಮೀ., ನಿಂಬೆಹಣ್ಣು 30 ಸೆಕೆಂಡಿಗೆ ದಾಟಿತು ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 23 ಲೀಟರ್, ದಿನಕ್ಕೆ ಹತ್ತಿರ ಹತ್ತಿರ 20 ಲಕ್ಷ ಲೀಟರ್ ಆಯಿತು. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ಒಳಚರಂಡಿ ಎಂಜಿನಿಯರುಗಳು ಬಳಸುವ ಲೆಕ್ಕ, ಅಂದರೆ 108 ಲೀಟರ್. ಅಲ್ಲಿಗೆ ನಿಮ್ಮ ಈ 'ಸಣ್ಣ ಮೋರಿ'ಯಲ್ಲಿ ಸುಮಾರು 18,000 ಜನರ ಕೊಳಚೆ! ಬೆಳಿಗ್ಗೆಯ ಅಳತೆಯೊಂದನ್ನೇ ನಂಬಿದರೆ ಲೆಕ್ಕ ಉಬ್ಬುತ್ತದೆ. ಮಧ್ಯಾಹ್ನ, ಸಂಜೆ, ರಾತ್ರಿ ಹನ್ನೊಂದಕ್ಕೂ ಅಳೆದು ಸರಾಸರಿ ಹಿಡಿಯಿರಿ.

ಸಂಖ್ಯೆ ಸಾವಿರಗಳಲ್ಲಿದ್ದರೆ ಅದು ಬಿಡಿ ಮನೆಗಳ ತಪ್ಪಲ್ಲ. ಮೇಲೆಲ್ಲೋ ಒಳಚರಂಡಿ (ಯುಜಿಡಿ) ಕಟ್ಟಿಕೊಂಡು ಮ್ಯಾನ್‌ಹೋಲ್‌ನಿಂದ ಉಕ್ಕುತ್ತಿದೆ, ಇಲ್ಲವೇ ಕಟ್ಟಿಕೊಂಡಾಗ ಯಾರೋ ಲೈನು ಒಡೆದು ನಾಲೆಗೆ ತಿರುಗಿಸಿ ಹಾಗೇ ಬಿಟ್ಟಿದ್ದಾರೆ. ನಕ್ಷೆ, ಫೋಟೊ, ಲೆಕ್ಕ ಮೂರನ್ನೂ ಒಂದೇ ಹಾಳೆಯಲ್ಲಿಟ್ಟು ಒಳಚರಂಡಿ ವಿಭಾಗದ ಎಂಜಿನಿಯರಿಗೆ ಕೊಡಿ. 'ನಾತ ಬರುತ್ತಿದೆ' ಎಂಬ ಅರ್ಜಿಗೂ '7ನೇ ಬಾಯಿಯಿಂದ ದಿನಕ್ಕೆ ಇಷ್ಟು ಲಕ್ಷ ಲೀಟರ್' ಎಂಬ ಅರ್ಜಿಗೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಅವರು ಅಂದಾಜುಪಟ್ಟಿ ಮಾಡಬಹುದು.

ಸಂಖ್ಯೆ ಹತ್ತಿಪ್ಪತ್ತು ಮನೆಗಳದ್ದಾದರೆ ಬಣ್ಣದ ಪರೀಕ್ಷೆ ಸಾಕು. ಫ್ಲೋರೆಸಿನ್ ಎಂಬ ಹಸಿರು ಹೊಳಪಿನ ಪುಡಿಯನ್ನು ಒಂದು ಚಮಚ ಬಕೆಟ್ ನೀರಿಗೆ ಕಲಸಿ, ಮನೆಯವರ ಒಪ್ಪಿಗೆ ಪಡೆದು, ಬಚ್ಚಲಿಗೆ ಸುರಿದು ನಾಲೆಯ ಬಾಯಲ್ಲಿ ಕಾಯಿರಿ. ಒಂದು ಮನೆಗೂ ಇನ್ನೊಂದಕ್ಕೂ ಇಪ್ಪತ್ತು ನಿಮಿಷ ಅಂತರ ಬೇಕು, ಇಲ್ಲದಿದ್ದರೆ ಯಾರ ಬಣ್ಣ ಯಾವುದೋ ತಿಳಿಯದೆ ಜಗಳವಾಗುತ್ತದೆ. ಸಂಪರ್ಕ ಸರಿಪಡಿಸಲು ಕೊಳಾಯಿ ಕೆಲಸದವರನ್ನು ಇಡೀ ಬೀದಿಗೆ ಒಟ್ಟಿಗೆ ಗೊತ್ತುಮಾಡಿ.

ಯಾವ ಕಾರಣಕ್ಕೂ ಮ್ಯಾನ್‌ಹೋಲ್ ಒಳಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧ, ಮೇಲಾಗಿ ಒಳಗಿನ ಅನಿಲ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು.

ಪ್ರಶ್ನೆ: ನಾಲೆ ಯಾರ ಸ್ವತ್ತು ಎಂದು ತಿಳಿಯುವುದು ಹೇಗೆ? ಪಾಲಿಕೆಯವರು ಪ್ರಾಧಿಕಾರ ಅನ್ನುತ್ತಾರೆ, ಪ್ರಾಧಿಕಾರದವರು ಪಾಲಿಕೆ ಅನ್ನುತ್ತಾರೆ.

ಭೂದಾಖಲೆಗಳ ಇಲಾಖೆಯಿಂದ ಆ ಹಳೇ ಗ್ರಾಮದ ನಕ್ಷೆ ತೆಗೆಸಿ. ಬಡಾವಣೆ ಬಂದು ಎಷ್ಟು ವರ್ಷವಾಗಿದ್ದರೂ ಗ್ರಾಮ ನಕ್ಷೆಯಲ್ಲಿ ಹಳ್ಳ ಹಳ್ಳವಾಗಿಯೇ ಇರುತ್ತದೆ. ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಅದು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಸ್ಥಳದಲ್ಲಿ ನಿಂತು ಸರ್ವೆ ನಂಬರ್ ನೋಡಲು ಸರ್ಕಾರದ 'ದಿಶಾಂಕ್' ಆ್ಯಪ್ ಅನುಕೂಲ, ಆದರೆ ಅದರ ಗೆರೆ ಹಿಡಿದು ಯಾರ ಕಾಂಪೌಂಡನ್ನೂ ಒತ್ತುವರಿ ಅನ್ನಬೇಡಿ. ಅದಕ್ಕೆ ತಹಶೀಲ್ದಾರರ ಮೂಲಕ ಹದ್ದುಬಸ್ತು ಸರ್ವೆಯೇ ಆಗಬೇಕು. ಕೆರೆಗಳ ವಿಷಯದಲ್ಲಿ ಕಚೇರಿ ಬೇರೆ ಬೇರೆ: ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದವರ ಸುಪರ್ದಿನಲ್ಲಿದೆ, ಲಿಂಗಾಂಬುಧಿ ಅರಣ್ಯ ಇಲಾಖೆಯದ್ದು. ಕುಕ್ಕರಹಳ್ಳಿಗೆ ನೀರು ತರುವ ಪೂರ್ಣಯ್ಯ ನಾಲೆಯಂಥದ್ದು ಹಲವು ಬಡಾವಣೆ ಹಾದು ಬರುವುದರಿಂದ ಒಂದು ಅರ್ಜಿಗೆ ಮೂರು ಪ್ರತಿ ಹಾಕುವುದು ಜಾಣತನ.

ಪ್ರಶ್ನೆ: ಕಾಲೇಜಿನ ಮಕ್ಕಳೊಂದಿಗೆ ಕೆರೆ ನೀರು ಪರೀಕ್ಷಿಸಿದೆವು. ಹಸಿರುಗಟ್ಟಿ ವಾಸನೆ ಬರುವ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 12 ಮಿ.ಗ್ರಾಂ. ಬಂತು. ಕಿಟ್ ಕೆಟ್ಟಿದೆಯೇ?

ಕಿಟ್ ಕೆಟ್ಟಿಲ್ಲ. ನೀವು ಹೋದದ್ದು ಮಧ್ಯಾಹ್ನ ಇರಬೇಕು.

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ, 25 ಡಿಗ್ರಿಯ ಶುದ್ಧ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ 7.5 ಮಿ.ಗ್ರಾಂ. ಆಸುಪಾಸು. ಅದಕ್ಕಿಂತ ಹೆಚ್ಚು ಬಂದರೆ ಪಾಚಿ ಬಿಸಿಲಿನಲ್ಲಿ ತಯಾರಿಸಿದ್ದು ಎಂದರ್ಥ. ಅದೇ ಪಾಚಿ ರಾತ್ರಿ ಉಸಿರಾಡಿ ಎಲ್ಲವನ್ನೂ ವಾಪಸ್ ಹೀರುತ್ತದೆ. ಸೂರ್ಯ ಹುಟ್ಟುವ ಮೊದಲು ಹೋಗಿ ಅಳೆಯಿರಿ, 1 ಅಥವಾ 2 ಬಂದರೆ ಆಶ್ಚರ್ಯವಿಲ್ಲ. ಮೀನು ಸತ್ತು ತೇಲುವುದು ಬೆಳಗಿನ ಜಾವವೇ, ಕಾರಣ ಇದು. ಹಾಗಾಗಿ ದಿನಕ್ಕೆ ಎರಡು ಅಳತೆ, ಒಂದು ನಸುಕಿನಲ್ಲಿ, ಒಂದು ಮಧ್ಯಾಹ್ನ ಮೂರಕ್ಕೆ. ಎರಡರ ಅಂತರ ದೊಡ್ಡದಾದಷ್ಟೂ ಕೆರೆಗೆ ಕಾಯಿಲೆ ಹೆಚ್ಚು.

ಮಕ್ಕಳಿಗೆ ಪ್ರಯೋಗಾಲಯದ ವಿಧಾನವನ್ನೇ ಕಲಿಸಿ. 300 ಮಿ.ಲೀ. ಗಾಜಿನ ಬಾಟಲಿಯನ್ನು ನೀರಿನೊಳಗೇ ಅದ್ದಿ, ಗುಳ್ಳೆ ನಿಲ್ಲದ ಹಾಗೆ ತುಂಬಿ ಬಿರಡೆ ಹಾಕಿ. ಕೆರೆ ದಂಡೆಯಲ್ಲೇ ಪಿಪೆಟ್ಟಿನ ತುದಿ ನೀರೊಳಗಿಟ್ಟು ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಕ್ಷಾರೀಯ ಅಯೊಡೈಡ್-ಅಜೈಡ್ 2 ಮಿ.ಲೀ. ಹಾಕಿ, ಬಿರಡೆ ಹಾಕಿ ತಿರುವಿ ಮುರುವಿ ಅಲ್ಲಾಡಿಸಿ. ಕಂದು ಕೆಸರು ಕೂತರೆ ಆಮ್ಲಜನಕ ಇದೆ, ಬಿಳಿ ಕೂತರೆ ಇಲ್ಲ. ಮಕ್ಕಳಿಗೆ ಅಲ್ಲೇ ಉತ್ತರ ಕಾಣುತ್ತದೆ. ಉಳಿದ ಟೈಟ್ರೇಷನ್ ಕಾಲೇಜಿಗೆ ಬಂದು ಮಾಡಬಹುದು. ಅಜೈಡ್ ವಿಷ, ಬಾಯಲ್ಲಿ ಪಿಪೆಟ್ ಎಳೆಯಬಾರದು. ಬಿಒಡಿ (ನೀರಿನಲ್ಲಿರುವ ಕೊಳೆ ತಿನ್ನಲು ಸೂಕ್ಷ್ಮಾಣುಜೀವಿಗಳಿಗೆ ಬೇಕಾಗುವ ಆಮ್ಲಜನಕ) ಪರೀಕ್ಷೆಗೆ ಕಳಿಸುವ ಬೇರೆ ಬಾಟಲಿ ಐಸ್ ಪೆಟ್ಟಿಗೆಯಲ್ಲಿ ಅದೇ ದಿನ ಪ್ರಯೋಗಾಲಯ ತಲುಪಬೇಕು. ಹೋಲಿಸಿ ನೋಡಲು ಒಂದು ಮಟ್ಟ ಬೇಕೆಂದರೆ, ಸ್ನಾನಕ್ಕೆ ಯೋಗ್ಯವಾದ ನೀರಿಗೆ ಆಮ್ಲಜನಕ 5ಕ್ಕಿಂತ ಕಡಿಮೆ ಇರಬಾರದು, ಬಿಒಡಿ 3 ದಾಟಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ.

ಪ್ರಶ್ನೆ: ಸಿಪ್ಪೆ-ಬೆಲ್ಲದ ಎನ್‌ಜೈಮ್ ಸುರಿದರೆ, ಸೂಕ್ಷ್ಮಾಣುಜೀವಿಗಳ ಮಣ್ಣುಂಡೆ ಎಸೆದರೆ ಕೆರೆ ತಿಳಿಯಾಗುತ್ತದಂತೆ. ನಮ್ಮ ಮಹಿಳಾ ಸಂಘ ಸಾವಿರ ಲೀಟರ್ ಮಾಡಿಟ್ಟಿದೆ.

ಮನೆ ನೆಲ ಒರೆಸಲು ಬಳಸಿ, ಕೆರೆಗೆ ಬೇಡ. ಕೊಳಚೆ ನೀರಿನಲ್ಲಿ ಸೂಕ್ಷ್ಮಾಣುಜೀವಿಗಳಿಗೆ ಬರವಿಲ್ಲ, ಬರ ಇರುವುದು ಆಮ್ಲಜನಕಕ್ಕೆ. ಒಂದು ಕಿಲೋ ಬೆಲ್ಲ ನೀರಿನಲ್ಲಿ ಪೂರ್ತಿ ಕರಗಿ ಕೊಳೆಯಲು ಹತ್ತಿರ ಹತ್ತಿರ ಒಂದು ಕಿಲೋ ಆಮ್ಲಜನಕ ತಿನ್ನುತ್ತದೆ. ಲೀಟರಿಗೆ 7 ಮಿ.ಗ್ರಾಂ. ಇರುವ ಒಳ್ಳೆಯ ನೀರಾದರೂ ಅಷ್ಟು ಆಮ್ಲಜನಕ ಸಿಗುವುದು ಸುಮಾರು 1.4 ಲಕ್ಷ ಲೀಟರಿನಲ್ಲಿ. ಹುದುಗು ಬಂದಾಗ ಒಂದಷ್ಟು ಕಳೆದಿರುತ್ತದೆ, ಉಳಿದದ್ದರ ಹೊರೆ ಕೆರೆಗೆ. ಮಣ್ಣುಂಡೆಯಲ್ಲಿರುವ ತೌಡಿಗೂ ಇದೇ ಲೆಕ್ಕ.

ಕಾಬಾಳೆ, ಲಾವಂಚ ನೆಟ್ಟ ತೇಲುವ ತೆಪ್ಪಗಳ ಬಗ್ಗೆ ಕೇಳಿದವರಿಗೂ ಇಲ್ಲೇ ಹೇಳಿಬಿಡುತ್ತೇವೆ. ಅವು ಕೆಟ್ಟವಲ್ಲ, ಹಕ್ಕಿ ಕೂರುತ್ತವೆ. ಆದರೆ ನಮ್ಮಂಥ ಬಿಸಿಲಿನ ಊರಿನಲ್ಲೂ ಜಲ್ಲಿ ಹಾಸಿದ ಗಿಡದ ಮಡಿ ಒಬ್ಬ ಮನುಷ್ಯನ ಕೊಳಚೆಗೆ ಒಂದರಿಂದ ಎರಡು ಚದರ ಮೀಟರ್ ಜಾಗ ಕೇಳುತ್ತದೆ. ಇಪ್ಪತ್ತು ಚದರ ಮೀಟರಿನ ತೆಪ್ಪ ಎಷ್ಟು ಜನಕ್ಕಾದೀತು ನೀವೇ ನೋಡಿ. ತೆಪ್ಪ ಬಿಟ್ಟರೆ ಎರಡು ಮೂರು ತಿಂಗಳಿಗೊಮ್ಮೆ ಗಿಡ ಕೊಯ್ದು ದಂಡೆಯಿಂದಾಚೆ ಸಾಗಿಸಬೇಕು. ಅಲ್ಲೇ ಬಾಡಿ ಬಿದ್ದರೆ ಹೀರಿದ ಸಾರವೆಲ್ಲ ಮತ್ತೆ ನೀರಿಗೇ.

ಪ್ರಶ್ನೆ: ಆರು ಮೀಟರ್ ಅಗಲದ ನಾಲೆಗೆ ಅಡ್ಡಲಾಗಿ ಕಸ ತಡೆಯುವ ಬಲೆ ಕಟ್ಟಿದ್ದೆವು. ಮೊದಲ ಮಳೆಗೇ ಕಿತ್ತುಹೋಯಿತು, ಪಕ್ಕದ ಮನೆಗಳಿಗೆ ನೀರೂ ನುಗ್ಗಿತು. ಸರಿಯಾದ ಕ್ರಮ ಯಾವುದು?

'ಅಡ್ಡಲಾಗಿ' ಕಟ್ಟಿದ್ದೇ ತಪ್ಪು. ನೇರ ಅಡ್ಡ ಕಟ್ಟಿದರೆ ಬಲೆ ನಡುವೆ ಹೊಟ್ಟೆ ಬಿಟ್ಟು, ಕಸವೆಲ್ಲ ಅಲ್ಲೇ ಸೇರಿ, ಕೈಗೆ ಸಿಗದ ಜಾಗದಲ್ಲಿ ಅಣೆಕಟ್ಟಾಗುತ್ತದೆ. ತಳದವರೆಗೆ ಬಲೆ ಬಿಟ್ಟಿದ್ದರೆ ನೀರು ನುಗ್ಗದೆ ಏನು ಮಾಡೀತು?

ತೇಲುವ ತಡೆ ಮಾಡಿ, ಹರಿವಿಗೆ ಸುಮಾರು 30 ಡಿಗ್ರಿ ಓರೆಯಾಗಿ. ಆರು ಮೀಟರ್ ನಾಲೆಗೆ ಆಗ 12 ಮೀಟರ್ ಉದ್ದ ಬೇಕು, ಸಡಿಲಕ್ಕೆ ಇನ್ನೊಂದೂವರೆ ಮೀಟರ್. 160 ಮಿ.ಮೀ. ಪಿವಿಸಿ ಪೈಪನ್ನು 3 ಮೀಟರ್ ತುಂಡು ಮಾಡಿ ಎರಡೂ ತುದಿಗೆ ಮುಚ್ಚಳ ಅಂಟಿಸಿ. ಒಂದೊಂದು ತುಂಡೂ ತನ್ನ ತೂಕವೂ ಸೇರಿ ಸುಮಾರು 60 ಕಿಲೋ ಭಾರ ತೇಲಿಸುತ್ತದೆ. ಮುಚ್ಚಳದ ಅಂಟು ಒಂದು ದಿನ ಒಣಗಲಿ, ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ. ಸೋರುವ ತುಂಡು ಎರಡೇ ವಾರದಲ್ಲಿ ಮುಳುಗುತ್ತದೆ, ಕಸ ಅದರ ಮೇಲೇ ದಾಟುತ್ತದೆ. ತುಂಡುಗಳ ಉದ್ದಕ್ಕೂ 8 ಮಿ.ಮೀ. ಜಿಐ ಸರಪಳಿ ಹಾಯಿಸಿ, ಎಳೆತವೆಲ್ಲ ಸರಪಳಿ ಮೇಲೆ ಬೀಳಬೇಕೇ ಹೊರತು ಪೈಪಿನ ಮೇಲಲ್ಲ. ಪೈಪಿನ ಕೆಳಗೆ 30 ಸೆಂ.ಮೀ. ಮಾತ್ರ ವೆಲ್ಡ್‌ಮೆಶ್ ಸೆರಗು ಇಳಿಬಿಡಿ. ನೈಲಾನ್ ಮೀನುಬಲೆ ಬೇಡ, ಹಾವು ಆಮೆ ಸಿಕ್ಕಿ ಸಾಯುತ್ತವೆ.

ಎರಡೂ ದಂಡೆಯಲ್ಲಿ ನೆಟ್ಟಗೆ ಒಂದೊಂದು ಕಬ್ಬಿಣದ ಕಂಬ ಹೂತು, ಸರಪಳಿಯ ತುದಿಯ ಬಳೆ ಆ ಕಂಬದಲ್ಲಿ ಮೇಲೆ ಕೆಳಗೆ ಜಾರುವಂತಿರಲಿ. ನೀರು ಏರಿದಂತೆ ತಡೆಯೂ ಏರುತ್ತದೆ. ನೀವು ಗಟ್ಟಿಯಾಗಿ ಕಟ್ಟಿದ್ದರಿಂದಲೇ ಅದು ಮುಳುಗಿ ಕಿತ್ತಿತು. ಮೇಲ್ಹರಿವಿನ ತುದಿ ಆಚೆ ದಂಡೆಗೆ, ಕೆಳಹರಿವಿನ ತುದಿ ಗಾಡಿ ಬರುವ ದಂಡೆಗೆ. ಕಸ ತಾನೇ ಜಾರಿ ಗಾಡಿ ನಿಲ್ಲುವ ಮೂಲೆಗೆ ಬರುತ್ತದೆ.

ಹರಿವಿನ ವೇಗ ಎರಡರಷ್ಟಾದರೆ ತಡೆಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಇಷ್ಟುದ್ದದ ತಡೆಗೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನೂರು ಕಿಲೋ ಲೆಕ್ಕದಲ್ಲಿರುವ ಎಳೆತ, ಎರಡು ಮೀಟರಿಗೆ ನಾನೂರು ದಾಟುತ್ತದೆ. ಆದ್ದರಿಂದ ಮೇಲ್ಹರಿವಿನ ತುದಿಯಲ್ಲಿ ಬೇಕೆಂದೇ ಒಂದು ಬಡ ಕೊಂಡಿ ಇಡಿ, ಸರಪಳಿಗಿಂತ ಮೊದಲು ಹರಿಯುವಂಥ ಹಗ್ಗದ ತುಂಡು. ಪ್ರವಾಹದಲ್ಲಿ ಅದು ಹರಿದರೆ ಇಡೀ ತಡೆ ತಿರುಗಿ ಗಾಡಿ ದಂಡೆಗೆ ಒರಗಿ ಮಲಗುತ್ತದೆ, ಹಾದಿ ಖಾಲಿ.

ದಿನಾ ಕಸ ಎತ್ತುವವರು ಯಾರು ಎಂದು ಬರಹದಲ್ಲಿ ನಿರ್ಧಾರವಾಗದೆ ತಡೆ ಕಟ್ಟಬೇಡಿ. ಎರಡು ದಿನ ಬಿಟ್ಟರೆ ಅದೇ ತಿಪ್ಪೆ.

ಪ್ರಶ್ನೆ: ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರು ಬಟ್ಟೆ, ಪ್ಲಾಸ್ಟಿಕ್ ಎಲ್ಲ ನೀರಿಗೇ ಹಾಕುತ್ತಾರೆ. ಬೋರ್ಡು ಹಾಕಿ ಫಲವಿಲ್ಲ. (ಶ್ರೀರಂಗಪಟ್ಟಣ)

ದುಃಖದಲ್ಲಿರುವವರು ಬೋರ್ಡು ಓದುವುದಿಲ್ಲ, ಪುರೋಹಿತರು ಹೇಳಿದ್ದನ್ನು ಮಾಡುತ್ತಾರೆ. ನಿಮ್ಮ ಮಾತುಕತೆ ಮೊದಲು ಅವರ ಜೊತೆ. ಅಸ್ಥಿ ಬಹುಪಾಲು ಸುಣ್ಣ-ರಂಜಕದ ಅಂಶ, ನದಿಗೆ ದೊಡ್ಡ ಹೊರೆಯಲ್ಲ. ಅದು ಬಂದ ಪ್ಲಾಸ್ಟಿಕ್ ಕವರು, ಫೋಟೊ ಚೌಕಟ್ಟು, ಪಾಲಿಯೆಸ್ಟರ್ ಬಟ್ಟೆಯೇ ತೊಂದರೆ. 'ಬಟ್ಟೆಯನ್ನು ಇಲ್ಲಿ ಬಿಡಿ' ಎಂಬ ಮಾತು ವಿಧಿಯ ಒಳಗೇ, ಮಂತ್ರ ಮುಗಿದ ಕೂಡಲೇ, ಪುರೋಹಿತರ ಬಾಯಿಂದ ಬರಬೇಕು. ತೊಟ್ಟಿ ಇರಬೇಕಾದ್ದು ರಸ್ತೆ ಬದಿಯಲ್ಲಲ್ಲ, ನೀರಿಗಿಂತ ಮೂರು ನಾಲ್ಕು ಮೆಟ್ಟಿಲು ಮೇಲೆ, ಕೈಗೆಟಕುವಂತೆ, ತಳದಲ್ಲಿ ನೀರು ಬಸಿಯುವ ತೂತಿರಬೇಕು. ಒದ್ದೆ ಬಟ್ಟೆ ಭಾರ, ಒಂದೇ ದಿನಕ್ಕೆ ಮುಗ್ಗು ವಾಸನೆ. ಸಂಜೆಯೊಳಗೆ ಹರಡಿ ಒಣಗಿಸಿದರೆ ಹತ್ತಿ ಬಟ್ಟೆಯನ್ನು ಗ್ಯಾರೇಜುಗಳಿಗೆ ಯಂತ್ರ ಒರೆಸಲು ಮಾರುವವರು ಕೊಳ್ಳುತ್ತಾರೆ, ಪಾಲಿಯೆಸ್ಟರನ್ನು ಪುರಸಭೆ ಗಾಡಿಗೇ ಕೊಡಬೇಕು. ತೆಪ್ಪದವರನ್ನೂ ಸೇರಿಸಿಕೊಳ್ಳಿ. ಬಂಡೆ ಸಂದಿಗೆ ಸಿಕ್ಕಿದ ಸೀರೆ ಎಲ್ಲಿದೆ ಎಂದು ಅವರಿಗಷ್ಟೇ ಗೊತ್ತು.

ಪ್ರಶ್ನೆ: ನಾಲೆಗೆ ಎರಡೂ ಬದಿ, ತಳಕ್ಕೂ ಕಾಂಕ್ರೀಟ್ ಹಾಕುತ್ತಾರಂತೆ. ಒಪ್ಪಬೇಕೇ?

ಜಾಗ ತೀರಾ ಇಕ್ಕಟ್ಟಾಗಿ, ಮನೆ ಗೋಡೆ ನಾಲೆಯ ಅಂಚಿಗೇ ಇರುವ ಕಡೆ ಗೋಡೆ ಅನಿವಾರ್ಯ. ತಳಕ್ಕೆ ಮಾತ್ರ ಬೇಡವೆಂದು ಹಟ ಹಿಡಿಯಿರಿ. ಕಾಂಕ್ರೀಟ್ ತಳದ ಮೇಲೆ ನೀರು ಕಲ್ಲು-ಹುಲ್ಲಿನ ತಳಕ್ಕಿಂತ ಎರಡು ಪಟ್ಟು ವೇಗವಾಗಿ ಓಡುತ್ತದೆ. ನಿಮ್ಮ ಬೀದಿ ಉಳಿಯಿತು, ಕೆಳಗಿನ ಬೀದಿ ಮುಳುಗಿತು. ಜಾಗವಿದ್ದಲ್ಲಿ ದಂಡೆಯನ್ನು ಒಂದು ಅಡಿ ಎತ್ತರಕ್ಕೆ ಎರಡು ಅಡಿ ಹರಹಿನಂತೆ ಇಳಿಜಾರು ಮಾಡಿಸಿ, ಬುಡಕ್ಕೆ ಗಾರೆಯಿಲ್ಲದ ಕಾಡುಕಲ್ಲು ಕೂರಿಸಿ. ಅದರ ಮೇಲೆ 15 ಸೆಂ.ಮೀ.ಗೊಂದರಂತೆ ಲಾವಂಚದ ಸಾಲು. ಬುಡದ ಕಲ್ಲು ಬಿಟ್ಟು ಬರೀ ಗಿಡ ನೆಟ್ಟರೆ ಮೊದಲ ನೆರೆಗೆ ದಂಡೆ ಕೆಳಗಿನಿಂದ ಕೊರೆದು ಕುಸಿಯುತ್ತದೆ. ಹೊಂಗೆ, ಹೊಳೆಮತ್ತಿ, ನೇರಳೆ ದಂಡೆಯ ಮೇಲ್ಭಾಗಕ್ಕೆ, ಒಳ ಇಳಿಜಾರಿಗಲ್ಲ. ನೆಡುವುದು ಜೂನ್‌ನಲ್ಲಿ, ಬೇಲಿ ಮೊದಲ ದಿನದಿಂದಲೇ. ಆಡು ಕಾಯುವುದಿಲ್ಲ.

ಪ್ರಶ್ನೆ: ಕಂಪನಿಗಳು ಸಮಾಜಕಾರ್ಯಕ್ಕೆ ಕೊಡುವ ಸಿಎಸ್‌ಆರ್ ಹಣ ತರಲು ಸಂಘ ನೋಂದಾಯಿಸಬೇಕೇ?

ನೋಂದಣಿಗೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಏಳು ಜನ ಸಾಕು. ಆದರೆ ಸಿಎಸ್‌ಆರ್ ಹಣ ನೇರ ಪಡೆಯಲು ಸಂಘಕ್ಕೆ ಮೂರು ವರ್ಷದ ಕೆಲಸದ ದಾಖಲೆ, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿ, ಜೊತೆಗೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ 'ಸಿಎಸ್‌ಆರ್-1' ನೋಂದಣಿ ಬೇಕು. ಹೊಸ ಸಂಘಕ್ಕೆ ಇದು ಆಗದ ಮಾತು. ಈಗಾಗಲೇ ಅರ್ಹತೆ ಇರುವ ಟ್ರಸ್ಟಿನ ಜೊತೆ ಸೇರಿ, ಪಾಲಿಕೆ, ಟ್ರಸ್ಟು, ಬಡಾವಣೆ ಸಂಘ ಮೂವರ ಒಡಂಬಡಿಕೆ ಮಾಡಿಕೊಳ್ಳಿ. ಅದರಲ್ಲಿ ಬರೆಯಬೇಕಾದ್ದು ಆದರ್ಶಗಳನ್ನಲ್ಲ. ಎತ್ತಿದ ಕಸದ ಗಾಡಿ ಯಾರದ್ದು, ವಾರಕ್ಕೆ ಎಷ್ಟು ಸಲ, ಮುರಿದದ್ದನ್ನು ಎಷ್ಟು ದಿನದಲ್ಲಿ ಯಾರು ಸರಿಪಡಿಸಬೇಕು, ಸ್ವಯಂಸೇವಕರ ವಿಮೆ ಯಾರ ಖರ್ಚು, ಅವಧಿ ಎಷ್ಟು ವರ್ಷ, ಇಷ್ಟು ಬರೆಯಿರಿ. ಮೂರು ವರ್ಷದ ನಿರ್ವಹಣೆ ಹಣ ಮೊದಲೇ ತೆಗೆದಿಡದ ಯೋಜನೆಗೆ ಸಹಿ ಹಾಕಬೇಡಿ. ಕಟ್ಟಲು ಕೊಡುವವರು ಬೇಕಾದಷ್ಟು ಜನ, ಅವರಿಗೆ ಕಲ್ಲಿನ ಮೇಲೆ ಹೆಸರು ಸಿಗುತ್ತದೆ.

ಪ್ರಶ್ನೆ: ಊರ ಕೊಳಚೆ ಸೇರುವ ಹಳ್ಳದ ನೀರೇ ನಮ್ಮ ಗದ್ದೆಗೆ ಗತಿ. ಭತ್ತ ಸೊಂಪಾಗಿ ಬರುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಕಬ್ಬಿಗೂ ಇದೇ ಕಟ್ಟುತ್ತೇವೆ. (ಮಂಡ್ಯ)

ಮಲಗುವುದು ಸಾರಜನಕದ ಸೊಕ್ಕಿನಿಂದ. ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ ಸುಮಾರು 48 ಲಕ್ಷ ಲೀಟರ್ ನೀರು ಕೊಡುತ್ತೀರಿ. ಕೊಳಚೆಯಲ್ಲಿ ಲೀಟರಿಗೆ 40 ಮಿ.ಗ್ರಾಂ. ಸಾರಜನಕ ಎಂದಿಟ್ಟುಕೊಂಡು, ಹಳ್ಳದಲ್ಲಿ ಅದು ಅರ್ಧಕ್ಕೆ ತೆಳುವಾಗಿದೆ ಅಂದರೂ ಎಕರೆಗೆ 96 ಕಿಲೋ ಬಿದ್ದಂತಾಯಿತು. ಭತ್ತಕ್ಕೆ ಬೇಕಿರುವುದು 40 ಕಿಲೋ ಸುತ್ತಮುತ್ತ. ಅದರ ಮೇಲೆ ನೀವು ಯೂರಿಯಾ ಬೇರೆ ಹಾಕಿದರೆ ಬೆಂಕಿ ರೋಗ, ಕಂದು ಜಿಗಿಹುಳುವನ್ನು ಕರೆದು ಕೂರಿಸಿದ ಹಾಗೆ. ಯೂರಿಯಾ ಪೂರ್ತಿ ನಿಲ್ಲಿಸಿ, ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿ, ತೆಳು ಹಸಿರು ಕಂಡರಷ್ಟೇ ಯೋಚಿಸಿ. ಕಬ್ಬಿಗೆ ಎಂಟು ತಿಂಗಳಾದ ಮೇಲೆ ಈ ನೀರು ಕಟ್ಟಿದರೆ ಕಬ್ಬು ಬೆಳೆಯುತ್ತಲೇ ಇರುತ್ತದೆ, ಸಕ್ಕರೆ ಕೂಡುವುದಿಲ್ಲ. ಆ ಹೊತ್ತಿಗೆ ಕೊಳವೆಬಾವಿ ನೀರು ಮೀಸಲಿಡಿ.

ಸೊಪ್ಪು, ಮೂಲಂಗಿ, ಹಸಿಯಾಗಿ ತಿನ್ನುವ ಯಾವುದಕ್ಕೂ ಈ ನೀರು ಬೇಡ. ಗದ್ದೆಗಿಳಿಯುವಾಗ ಗಂಬೂಟು ಹಾಕಿ, ಕಾಲಲ್ಲಿ ಗಾಯವಿದ್ದರೆ ಇಳಿಯಲೇಬೇಡಿ, ಇಲಿ ಜ್ವರ ಬರುವುದು ಹೀಗೆಯೇ. ಮೂರು ನಾಲ್ಕು ರೈತರು ಸೇರಿ ತಲೆಗದ್ದೆಯಲ್ಲಿ ಹೊಂಡ ತೋಡಿ ನೀರನ್ನು ಎಂಟು ಹತ್ತು ದಿನ ನಿಲ್ಲಿಸಿ ಬಿಟ್ಟರೆ ಹೊಟ್ಟೆಹುಳುವಿನ ಮೊಟ್ಟೆಗಳು ತಳಕ್ಕೆ ಕೂರುತ್ತವೆ. ಅಷ್ಟು ಜಾಗವಿಲ್ಲದಿದ್ದರೆ ಒಂದು ದಿನ ನಿಲ್ಲಿಸಿದರೂ ಕೆಸರು ಕಡಿಮೆಯಾಗುತ್ತದೆ, ಮೊಟ್ಟೆ ಪೂರ್ತಿ ಹೋಗುವುದಿಲ್ಲ. ತಳದ ಕೆಸರನ್ನು ವರ್ಷಕ್ಕೊಮ್ಮೆ ತೆಗೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ ಕಬ್ಬಿನ ಗದ್ದೆಗೆ ಮಾತ್ರ ಹಾಕಿ. ಮೇಲೆ ಕಾರ್ಖಾನೆ, ಬಣ್ಣದ ಘಟಕ ಏನಾದರೂ ಇದ್ದರೆ ಕೆಸರನ್ನು ಭಾರಲೋಹಕ್ಕೆ ಪರೀಕ್ಷೆ ಮಾಡಿಸದೆ ಹೊಲಕ್ಕೆ ತರಬೇಡಿ.